ಮಧ್ಯಾಹ್ನದ ಪಾಳಿ

ಸೊಸೆ ಕಾಲೇಜಿಗೆ ಸೇರಿದ ಸಂಗತಿ ಅತ್ತೆಗೆ ತಿಳಿದದ್ದು ಎದುರುಮನೆಯಾಕೆಯಿಂದ. ಕಸದ ಬುಟ್ಟಿ ಹೊರಗಿಡಲು ಹೋದಾಗ ಆಕೆ ಬಾಗಿಲಿಗೆ ಒರಗಿ ನಿಂತು, "ನಿಮ್ಮ ಸೊಸೆ ಬೆನ್ನಿಗೆ ಬ್ಯಾಗು ಹಾಕ್ಕೊಂಡು ಕಾಲೇಜು ಹುಡುಗೀರ ಜೊತೆ ಬಸ್ಸು ಹತ್ತಿದ್ರಲ್ಲ, ಏನು ವಿಶೇಷ?" ಎಂದು ಕೇಳಿದಳು.

"ಲಾಂಡ್ರಿ ಬಟ್ಟೆ ಇರುತ್ತೆ ಬ್ಯಾಗಲ್ಲಿ" ಎಂದು ಅತ್ತೆ ಬಾಯಿಗೆ ಬಂದದ್ದು ಹೇಳಿ ಒಳಗೆ ಬಂದರು. ಬೇಳೆ ಬೇಯಿಸಿದರು, ಸೊಪ್ಪು ಹೆಚ್ಚಿದರು, ಒಣಗಿದ ಬಟ್ಟೆ ತಂದು ಮಡಿಸಿಟ್ಟರು. ಸಂಜೆ ಮಗ, ಸೊಸೆ, ಮೊಮ್ಮಗಳು ಮೂವರೂ ಊಟಕ್ಕೆ ಕೂತಾಗ ಅನ್ನದ ಪಾತ್ರೆಯನ್ನು ಸದ್ದಾಗುವ ಹಾಗೆ ನಡುವೆ ಇಟ್ಟರು.

"ಏನಮ್ಮಾ, ಯಾವ ಕ್ಲಾಸು ನೀನು?"

ಸೊಸೆ ತುತ್ತು ಬಾಯಿಗಿಡದೆ ತಲೆಯೆತ್ತಿದಳು. "ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಅತ್ತೆ. ರಕ್ತ ಪರೀಕ್ಷೆ ಮಾಡ್ತಾರಲ್ಲ, ಅದು. ಹೇಳೋಣ ಅಂತಾನೇ ಇದ್ದೆ."

"ಯಾವಾಗ? ಪಾಸಾದ ಮೇಲಾ?" ಅತ್ತೆ ಮಗನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

ಮಗ ಮನೆಗಳಿಗೆ ಬಣ್ಣ ಬಳಿಯುವ ಮೇಸ್ತ್ರಿ. ಕಿವಿಯ ಹಿಂದೆ ಒಣಗಿದ ಹಳದಿ ಬಣ್ಣವನ್ನು ಉಗುರಿನಿಂದ ಕೆರೆದುಕೊಳ್ಳುತ್ತಾ ತಟ್ಟೆ ನೋಡಿದ. ಮೊಮ್ಮಗಳೂ ತಟ್ಟೆ ನೋಡಿದಳು.

"ಸರಿ ಹೋಯ್ತು. ಎಲ್ಲರಿಗೂ ಗೊತ್ತು. ಈ ಮನೇಲಿ ನಾನೊಬ್ಬಳೇ ಬಾಡಿಗೆಗಿರೋಳು."

"ಹಾಗಲ್ಲ ಅತ್ತೆ..."

"ಮಗಳು ಹೈಸ್ಕೂಲಿನಲ್ಲಿದ್ದಾಳೆ, ನಿನಗೆ ನಲವತ್ತು ದಾಟಿದೆ. ಈಗ ಓದಿ ಏನು ಮಾಡ್ತೀಯಾ?"

"ಕೆಲಸ ಮಾಡ್ತೀನಿ. ಜೀವನ ಪೂರ್ತಿ ಹೋಟೆಲಿನವರ ಬೆಡ್‌ಶೀಟಿಗೆ ಇಸ್ತ್ರಿ ಹಾಕ್ಕೊಂಡು ಇರೋಕಾಗಲ್ಲ." ಸೊಸೆಯ ದನಿ ಏರಲಿಲ್ಲ. "ಮದುವೆ ಮಾತುಕತೇಲಿ ನಾನು ಎರಡನೇ ವರ್ಷದ ಡಿಗ್ರೀಲಿದ್ದೆ. 'ಹುಡುಗಿ ಓದೋದಾದ್ರೆ ಆಮೇಲೆ ಓದಲಿ, ನಮ್ಮದೇನೂ ಅಡ್ಡಿಯಿಲ್ಲ' ಅಂತ ಮಾವನವರು ಎಲ್ಲರ ಎದುರಿಗೆ ಹೇಳಿದ್ರು. ಆ 'ಆಮೇಲೆ' ಈಗ ಬಂದಿದೆ."

ಅತ್ತೆ ತಮ್ಮ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅಲ್ಲೇ ನಿಂತು ಉಂಡರು.

ಅಲ್ಲಿಂದ ಮನೆಯ ಗತಿಯೇ ಬದಲಾಯಿತು. ಸೊಸೆ ಮೊದಲು ಲಾಂಡ್ರಿಯಲ್ಲಿ ದಿನಪೂರ್ತಿ ದುಡಿಯುತ್ತಿದ್ದಳು. ಈಗ ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಲಾಂಡ್ರಿ. ಅರ್ಧ ದಿನದ ಸಂಬಳ ಕಾಲೇಜಿನ ಫೀಸಿಗೇ ಸರಿಹೋಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ಮೇಸ್ತ್ರಿಯ ದುಡಿಮೆ ಮಾತ್ರ. ಅದೋ, ಒಂದು ವಾರ ಎರಡು ಮನೆ, ಇನ್ನೊಂದು ವಾರ ಒಂದು ಗೋಡೆಯೂ ಇಲ್ಲ. ಮೊಟ್ಟೆ ದಿನ ಬಿಟ್ಟು ದಿನವಾಯಿತು. ಮಗಳ ಹೊಸ ಶೂಸು ಮುಂದಿನ ತಿಂಗಳಿಗೆ, ಅಲ್ಲಿಂದ ಅದರ ಮುಂದಿನ ತಿಂಗಳಿಗೆ ಹೋಯಿತು.

ಸೊಸೆ ಬಸ್ಸಿನ ಕಂಬಿ ಹಿಡಿದು ನಿಂತೇ ಓದುತ್ತಿದ್ದಳು. ಲಾಂಡ್ರಿಯಲ್ಲಿ ಗಿರಾಕಿಗಳ ಬಟ್ಟೆಗೆ ಚುಚ್ಚುವ ಚೀಟಿಗಳ ಹಿಂದೆ ಜೀವಕೋಶಗಳ ಹೆಸರು ಬರೆದು ಇಸ್ತ್ರಿ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದಳು. ಒಂದು ದಿಂಬಿನ ಚೀಲಕ್ಕೆ ಒಂದು ಹೆಸರು ಅಂತ ಲೆಕ್ಕ. ಹಬೆಗೆ ಚೀಟಿಗಳು ಸುರುಳಿ ಸುತ್ತಿಕೊಂಡು ಉದುರುತ್ತಿದ್ದವು, ಮತ್ತೆ ಅಂಟಿಸುತ್ತಿದ್ದಳು. ಲಾಂಡ್ರಿಯ ಮಾಲೀಕ ಸದಾ ಅವಸರದ ಮನುಷ್ಯ, ಕೂತು ಚಹಾ ಕುಡಿದದ್ದನ್ನು ಯಾರೂ ನೋಡಿರಲಿಲ್ಲ. ಅದಕ್ಕೇ ಅವನಿಗೆ ಗಡಿಬಿಡಿ ಎಂದು ಹೆಸರು ಬಿದ್ದಿತ್ತು. ಅವನು ಗೋಡೆ ನೋಡಿ, "ಇದೇನಮ್ಮ, ಹೊಸ ಗಿರಾಕಿಗಳಾ? ಹೆಸರೇ ಹೇಳೋಕೆ ಬರ್ತಾ ಇಲ್ಲ" ಎಂದು ಓಡುತ್ತಲೇ ಹೇಳಿ ಹೋದ.

ಕಾಲೇಜಿನಲ್ಲಿ ಹುಡುಗಿಯರು ಮೊದಲ ದಿನ ಅವಳನ್ನು ನೋಡಿ ಹೊಸ ಮೇಡಂ ಎಂದುಕೊಂಡು ಎದ್ದು ನಿಂತಿದ್ದರು. ಆಮೇಲೆ 'ಆಂಟಿ' ಎನ್ನತೊಡಗಿದರು. "ಅಕ್ಕ ಅನ್ನಿ, ಸಾಕು" ಎಂದು ಅವಳೇ ಒಪ್ಪಿಸಿದಳು.

ಮನೆಯಲ್ಲಿ ಅವಳ ಓದು ಎಲ್ಲರ ಮೈಮೇಲೂ ಬಂತು. ಸೂಜಿ ಚುಚ್ಚುವ ಮೊದಲು ನರ ಗುರುತಿಸುವುದನ್ನು ಅಭ್ಯಾಸ ಮಾಡಬೇಕಿತ್ತು. ಒಂದು ಭಾನುವಾರ ಗಂಡನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು.

"ಬರೀ ಮುಟ್ಟಿ ನೋಡ್ತೀನಿ ರೀ. ಸೂಜಿ ಇಲ್ಲ."

"ಸೂಜಿ ಇಲ್ಲ ಅಂತ ಮೊದಲು ಕೈ ತೋರಿಸು. ಎರಡೂ ಕೈ."

ಅವಳು ನರದ ಮೇಲೆ ಬೆರಳಿಟ್ಟಿದ್ದೇ ತಡ, ಮೂರು ಮಹಡಿ ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ಬಣ್ಣ ಬಳಿಯುವ ಆ ಗಟ್ಟಿ ಆಳು ಬೆವತು ಗೋಡೆಗೆ ಒರಗಿಬಿಟ್ಟ. ಮಗಳು ನಕ್ಕು ನಕ್ಕು ಸುಸ್ತಾದಳು. ಅತ್ತೆಗೂ ನಗು ಬಂತು. ಆದರೆ ನಕ್ಕರೆ ಸೋತ ಹಾಗೆ ಎಂದು ಸೆರಗು ಬಾಯಿಗಿಟ್ಟುಕೊಂಡು ಎದ್ದುಹೋದರು.

ನಗು ಬಹಳ ದಿನ ಉಳಿಯಲಿಲ್ಲ. ಬೆಳಗಿನ ಪಾತ್ರೆ, ಸಂಜೆಯ ತರಕಾರಿ ಹೆಚ್ಚುವುದು, ನೀರು ತುಂಬಿಸುವುದು ಎಲ್ಲಾ ಮಗಳ ಪಾಲಿಗೆ ಬಂದಿದ್ದವು. ಒಂದು ಸಂಜೆ ಸೊಸೆ ಲಾಂಡ್ರಿಯಿಂದ ಬಂದಾಗ ಸಿಂಕಿನ ತುಂಬ ಪಾತ್ರೆ ಹಾಗೇ ಇತ್ತು. ಮಗಳು ಹಾಸಿಗೆಯ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು.

"ಪಾತ್ರೆ ಯಾಕೆ ಹಾಗೇ ಇದೆ?"

"ನಾಳೆ ನನಗೆ ಟೆಸ್ಟು."

"ನನಗೂ ಟೆಸ್ಟು ಇದೆ. ಹತ್ತು ನಿಮಿಷದ ಕೆಲಸ ಅದು."

ಮಗಳು ಪುಸ್ತಕ ಪಟ್ಟನೆ ಮುಚ್ಚಿದಳು. "ಎಲ್ಲರ ಮನೇಲೂ ಅಮ್ಮಂದಿರು ಮಕ್ಕಳಿಗೆ 'ನೀನು ಓದ್ಕೋ, ಕೆಲಸ ನಾನು ನೋಡ್ಕೋತೀನಿ' ಅಂತಾರೆ. ನಮ್ಮನೇಲಿ ಅಮ್ಮ ಓದ್ಬೇಕು, ನಾನು ಪಾತ್ರೆ ತೊಳೀಬೇಕು. ನನಗೆ ಮಾರ್ಕ್ಸು ಕಮ್ಮಿ ಬಂದ್ರೆ ಯಾರು ಹೊಣೆ?"

"ಹಾಗೆ ಕೇಳು!" ಎಂದರು ಅತ್ತೆ ಒಳಗಿನಿಂದ.

ಸೊಸೆ ಬ್ಯಾಗನ್ನು ಕೆಳಗಿಟ್ಟು ಸೀದಾ ಸಿಂಕಿನ ಹತ್ತಿರ ಹೋದಳು. ಪಾತ್ರೆ ಉಜ್ಜುತ್ತಾ ಉಜ್ಜುತ್ತಾ ಗಟ್ಟಿಯಾಗಿ ಪಾಠ ಹೇಳಿಕೊಳ್ಳತೊಡಗಿದಳು. ಕೋಪಕ್ಕೋ, ಮರೆಯಬಾರದೆಂದೋ ಯಾರಿಗೂ ಗೊತ್ತಾಗಲಿಲ್ಲ. ಮಗಳು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಬಂದು ಪಕ್ಕ ನಿಂತು ತೊಳೆದ ತಟ್ಟೆಗಳನ್ನು ಒರೆಸಿ ಇಟ್ಟಳು.

ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ವಾರವಿದ್ದಾಗ ಅವಘಡವಾಯಿತು. ಹೋಟೆಲಿನ ದೊಡ್ಡ ಆರ್ಡರು ಬಂದಿತ್ತು. ಸೊಸೆ ಹಿಂದಿನ ದಿನ ಸರಿಯಾಗಿ ಮಲಗಿರಲಿಲ್ಲ. ಹಬೆ ಕಾರುವ ಪ್ರೆಸ್ಸಿನ ಮುಂದೆ ನಿಂತು ಬೆಡ್‌ಶೀಟಿನ ಅಂಚು ಸರಿಮಾಡುತ್ತಿದ್ದಾಗ ಕಣ್ಣು ಒಂದು ಕ್ಷಣ ಮುಚ್ಚಿತು, ಕಾಲು ಪೆಡಲಿನ ಮೇಲೆ ಭಾರ ಬಿಟ್ಟಿತು. ಮೇಲಿನ ಹಲಗೆ ಇಳಿದು ಬಲಗೈಯ ಮೂರು ಬೆರಳುಗಳ ತುದಿ ಹಿಡಿಯಿತು. ಗಡಿಬಿಡಿ ಅವಳನ್ನು ತನ್ನ ಸ್ಕೂಟರಿನಲ್ಲೇ ಕ್ಲಿನಿಕ್ಕಿಗೆ ಕರೆದೊಯ್ದ. ಡಾಕ್ಟರು ಪಟ್ಟಿ ಕಟ್ಟಿ, "ಎರಡು ವಾರ ನೀರು ತಾಗಿಸಬೇಡಿ, ಬಿಸಿ ಹತ್ತಿರ ಹೋಗಲೇಬೇಡಿ" ಎಂದರು.

ಆ ಸಂಜೆ ಊಟಕ್ಕೆ ಯಾರೂ ಕೂರಲಿಲ್ಲ. ಗಂಡ ಕೋಣೆಯ ತುಂಬ ಓಡಾಡಿದ.

"ಸಾಕು. ಎರಡರಲ್ಲಿ ಒಂದು ಬಿಟ್ಬಿಡು."

"ಯಾವುದು?"

"ಯಾವುದೋ ಒಂದು! ಕೈ ಉಳಿದಿದ್ದೇ ದೊಡ್ಡದು."

"ಕೆಲಸ ಬಿಟ್ರೆ ಫೀಸಿಗೆ ಎಲ್ಲಿಗೆ ಹೋಗಲಿ? ಕಾಲೇಜು ಬಿಟ್ರೆ ಇಷ್ಟು ದಿನ ಒದ್ದಾಡಿದ್ದು ಯಾಕೆ?"

"ಫೀಸು ನಾನು..." ಎಂದು ಶುರುಮಾಡಿದ ಗಂಡ ಮಾತು ಮುಗಿಸಲಿಲ್ಲ. ಆ ವಾರ ಅವನಿಗೆ ಕೆಲಸವೇ ಇರಲಿಲ್ಲ.

"ನಾನು ಮೊದಲೇ ಹೇಳಿದ್ದೆ" ಎಂದರು ಅತ್ತೆ. "ನಿದ್ದೆಗೆಟ್ಟು ಓದೋದು, ನಿಂತಲ್ಲೇ ತೂಕಡಿಸೋದು. ನಾನು ಹೇಳಿದ್ರೆ ಮುದುಕಿ ವಟಗುಟ್ತಾಳೆ ಅಂತೀರ."

ಸೊಸೆ ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಕೂತಿದ್ದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಎಲ್ಲರೂ ಹೇಳಿದ್ದಾಯ್ತಾ? ನಾನು ಎರಡೂ ಬಿಡಲ್ಲ. ಎಡಗೈ ಇದೆ. ನಾಳೆ ಕಾಲೇಜಿಗೆ ಹೋಗ್ತೀನಿ, ಕೂತು ಕೇಳ್ತೀನಿ. ಲಾಂಡ್ರಿಗೆ ಎರಡು ವಾರ ರಜ ಕೇಳ್ತೀನಿ."

ರಜ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಗಡಿಬಿಡಿ ಮನೆ ಬಾಗಿಲಿಗೇ ಬಂದ. ಕೈ ವಿಚಾರಿಸಿದ, ಡಾಕ್ಟರಿಗೆ ತಾನು ಕೊಟ್ಟ ದುಡ್ಡಿನ ಮಾತೆತ್ತಬೇಡಿ ಎಂದ. ಆಮೇಲೆ ತಲೆ ಕೆರೆದುಕೊಂಡು, "ನೋಡಮ್ಮ, ಹೋಟೆಲಿನವರು ಕಾಯಲ್ಲ. ಇವತ್ತು ನಾಳೆ ಹೇಗೋ ತಳ್ತೀನಿ. ನಾಡಿದ್ದಿನಿಂದ ಆ ಜಾಗಕ್ಕೆ ಬೇರೆ ಯಾರನ್ನಾದ್ರೂ ಹಾಕ್ಕೋಬೇಕು. ಬಂದವರನ್ನ ಎರಡು ವಾರ ಆದ್ಮೇಲೆ ಹೋಗು ಅನ್ನೋಕೆ ನನ್ನಿಂದಾಗಲ್ಲ" ಎಂದು ಹೇಳಿ ಸ್ಕೂಟರು ಹತ್ತಿದ. ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

ಮೂರನೆಯ ದಿನ ಗಂಡ ಕೆಲಸ ಹುಡುಕಲು ಹೋಗಿದ್ದ. ಸೊಸೆ ಕಾಲೇಜಿನಿಂದ ಬರುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತು. ತನ್ನ ಬೀಗದ ಕೈಯಿಂದ ತೆಗೆದು ನೋಡಿದರೆ ಒಲೆಯ ಪಕ್ಕ ಅನ್ನ, ಪಲ್ಯ ಮುಚ್ಚಿಟ್ಟಿತ್ತು. ಅತ್ತೆಯ ಚಪ್ಪಲಿ, ಕನ್ನಡಕ ಎರಡೂ ಇರಲಿಲ್ಲ. ಅರ್ಧ ದಿನದ ಶಾಲೆ ಮುಗಿಸಿ ಮಗಳೂ ಬಂದಳು. ಇಬ್ಬರೂ ಎದುರುಮನೆಗೆ ಹೋಗಿ ಕೇಳಿದರು, ಅಂಗಡಿ ಬೀದಿಯಲ್ಲಿ ಹುಡುಕಿದರು. ತರಕಾರಿಯವಳು, "ಅಜ್ಜಿ ಲಾಂಡ್ರಿ ಕಡೆ ಹೋದ ಹಾಗಿತ್ತು" ಎಂದಳು.

ಲಾಂಡ್ರಿಯ ಒಳಕೋಣೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದಿಂಬಿನ ಚೀಲಗಳನ್ನು ಮಡಿಸಿ ಮಡಿಸಿ ಒಟ್ಟುತ್ತಿದ್ದರು.

"ನಾನು ಕರೀಲಿಲ್ಲಮ್ಮ" ಎಂದ ಗಡಿಬಿಡಿ ಎರಡೂ ಕೈ ಎತ್ತಿ. "ಅವರೇ ಬಂದ್ರು. 'ನನ್ನ ಸೊಸೆ ಜಾಗ ಖಾಲಿ ಇದೆಯಂತಲ್ಲ, ಎಲ್ಲಿ ಕೂರಬೇಕು' ಅಂದ್ರು. ಪ್ರೆಸ್ಸು ಸದ್ಯಕ್ಕೆ ನಾನೇ ನೋಡ್ಕೋತೀನಿ, ಇವರು ಮಡಿಸೋದು, ಗಿರಾಕಿ ನೋಡೋದು."

"ಅತ್ತೆ, ಇದೇನಿದು? ನಡೀರಿ ಮನೆಗೆ."

"ಏನು ನೋಡ್ತಾ ನಿಂತಿದ್ದೀಯ? ಪಾಳಿ ಮುಗಿಯೋವರೆಗೂ ನಾನು ಏಳೋ ಹಾಗಿಲ್ಲ. ಊಟ ಮಾಡಿದ್ಯಾ? ಇಲ್ಲ ತಾನೇ? ಹೋಗು. ಉಂಡು ಓದ್ಕೋ ಹೋಗು."

ಅಂದು ಸಂಜೆ ಸೊಸೆ ಅವರನ್ನು ಕರೆತರಲು ಮತ್ತೆ ಹೋದಳು. ದಾರಿಯಲ್ಲಿ ಅತ್ತೆ ಕಾಲೆಳೆದುಕೊಂಡು ನಡೆದರು. ಎರಡು ಕಡೆ ನಿಂತು ಮಂಡಿ ಒತ್ತಿಕೊಂಡರು.

"ನನ್ನ ಓದಿಗೋಸ್ಕರ ನೀವು ಯಾಕೆ ಅತ್ತೆ..."

"ನಿನಗೋಸ್ಕರ ಅಂತ ಹಿಗ್ಗಬೇಡ. ಮಾತು ಕೊಟ್ಟಿದ್ದು ನಿನ್ನ ಮಾವ. ಕೊಟ್ಟು ಹೊರಟುಹೋದ್ರು. ನಾನು ಆವತ್ತು ಪಕ್ಕದಲ್ಲೇ ಕೂತಿದ್ದೆ. ಮನೆಯವರು ಕೊಟ್ಟ ಮಾತು ಅಂದ್ಮೇಲೆ ಉಳಿದವರು ಯಾರಾದ್ರೂ ನಡೆಸಬೇಕು ತಾನೇ?" ಸ್ವಲ್ಪ ದೂರ ನಡೆದ ಮೇಲೆ ಸೇರಿಸಿದರು: "ನೀನು ಮುಖ ಊದಿಸ್ಕೊಂಡು ಮೂಲೇಲಿ ಕೂತ್ರೆ ನನಗೆ ನೋಡೋಕಾಗಲ್ಲ. ಜಗಳ ಆಡೋಕಾದ್ರೂ ಎದುರಿಗೆ ಒಬ್ಬರು ಬೇಕು."

ಗಂಡನಿಗೆ ವಿಷಯ ತಿಳಿದಾಗ ಅವನ ಮುಖ ಕೆಂಪಾಯಿತು. "ಈ ವಯಸ್ಸಲ್ಲಿ ನನ್ನ ತಾಯಿ ಬೇರೆಯವರ ಬಟ್ಟೆ ಮಡಿಸೋದಾ? ಜನ ಏನಂತಾರೆ?"

"ಜನ ಅಂದ್ರೆ ಯಾರಪ್ಪ? ಎದುರುಮನೆಯವಳಾ?" ಅತ್ತೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಅವಳು ಇವತ್ತು ಪರದೆ ಒಗೆಯೋಕೆ ಹಾಕಿದ್ದಾಳೆ. ಅದರ ಕೊಳೆ ನೋಡಿದೋಳು ನಾನು. ಇನ್ನು ಅವಳು ನನ್ನೆದುರು ಬಾಯಿ ಬಿಡಲ್ಲ."

"ಅಮ್ಮ, ತಮಾಷೆ ಅಲ್ಲ ಇದು."

"ನಾನೂ ತಮಾಷೆ ಮಾಡ್ತಿಲ್ಲ. ನಿನಗೆ ಅಷ್ಟು ಬೇಜಾರಾದ್ರೆ ನಾಳೆಯಿಂದ ಅಡುಗೆ ನೀನು ಮಾಡು. ಕೆಲಸ ಇಲ್ಲದ ದಿನ ಗೋಡೆ ನೋಡ್ತಾ ಕೂರ್ತೀಯಲ್ಲ, ಪಾತ್ರೆ ನೋಡು."

ಮೇಸ್ತ್ರಿ ಅಡುಗೆಮನೆಗೆ ಇಳಿದದ್ದು ಹಾಗೆ. ಮೊದಲ ದಿನ ಅನ್ನ ತಳ ಹಿಡಿಯಿತು. ಎರಡನೇ ದಿನ ಬೇಳೆಗೆ ಉಪ್ಪು ಎರಡು ಸಲ ಬಿತ್ತು. ಅವನೊಮ್ಮೆ, ಮಗಳೊಮ್ಮೆ ಹಾಕಿದ್ದರು. "ನೀನು ಹಾಕಿದ್ದೀನಿ ಅಂತ ಹೇಳ್ಬೇಕು ತಾನೇ?" "ನೀವು ಕೇಳ್ಬೇಕು ತಾನೇ ಅಪ್ಪ?" ಎಂದು ಇಬ್ಬರೂ ಕಿತ್ತಾಡಿದರು, ಆಮೇಲೆ ನೀರು ಬೆರೆಸಿ ಎಲ್ಲರೂ ಕುಡಿಯುವ ಹಾಗೆ ಉಂಡರು. ವಾರ ಕಳೆಯುವಷ್ಟರಲ್ಲಿ ಅವನ ಆಲೂಗಡ್ಡೆ ಪಲ್ಯ ತಿನ್ನುವ ಹಾಗಾಯಿತು. ಅದೊಂದನ್ನೇ ಅವನು ದಿನವೂ ಮಾಡಿದ.

ಸೊಸೆಗೆ ಬರೆಯಲು ಆಗುತ್ತಿರಲಿಲ್ಲ, ಪುಟ ತಿರುಗಿಸುವುದೂ ಕಷ್ಟವಾಗಿತ್ತು. ಮಗಳೇ ಎದುರಿಗೆ ಕೂತು ಪಾಠ ಓದಿ ಹೇಳತೊಡಗಿದಳು. ಮೊದಮೊದಲು ಮುಖ ಗಂಟುಹಾಕಿಕೊಂಡು ಓದಿದಳು. ಆಮೇಲೆ ಪ್ರಶ್ನೆ ಕೇಳಲು ಶುರುಮಾಡಿದಳು.

"ಮಾದರಿ ತೆಗೆದ ಮೇಲೆ ಟ್ಯೂಬನ್ನ ಏನು ಮಾಡ್ಬೇಕು?"

"ಅಲುಗಾಡಿಸಬೇಕು."

"ತಪ್ಪು. ಮೆಲ್ಲಗೆ ತಿರುವಬೇಕು. ಅಲುಗಾಡಿಸಿದ್ರೆ ಕೋಶಗಳು ಒಡೆದುಹೋಗ್ತವೆ. ಹೇಳು ಇನ್ನೊಂದು ಸಲ."

"ಟೀಚರ್ ಹಾಗೆ ಆಡ್ಬೇಡ."

"ಪಾಸಾಗ್ಬೇಕೋ ಬೇಡ್ವೋ?"

ಸೊಸೆ ಇನ್ನೊಂದು ಸಲ ಹೇಳಿದಳು.

ಪರೀಕ್ಷೆಯ ದಿನ ಬೆರಳಿನ ಪಟ್ಟಿ ಬಿಚ್ಚಿ ಕೆಲವೇ ದಿನವಾಗಿತ್ತು. ಹೊಸ ಚರ್ಮ ಗುಲಾಬಿಯಾಗಿ, ಬಿಗಿಯಾಗಿತ್ತು, ತುದಿಗಳಲ್ಲಿ ಸ್ಪರ್ಶ ಮಂಕಾಗಿತ್ತು. ಲ್ಯಾಬ್ ಮೇಡಂ ಕೈ ನೋಡಿ, "ಮುಂದಿನ ಸಲ ಬರೀಬಹುದು. ನಾನು ಪತ್ರ ಕೊಡ್ತೀನಿ" ಎಂದರು.

"ಬೇಡ ಮೇಡಂ. ಇವತ್ತೇ ಮಾಡ್ತೀನಿ."

ಅವಳ ಪಾಲಿಗೆ ಬಂದವರು ಒಬ್ಬ ಸಣಕಲು ಮುದುಕರು. ತೋಳಿನಲ್ಲಿ ನರಗಳು ಕಾಣುತ್ತಿದ್ದವು, ಆದರೆ ಮುಟ್ಟಿದರೆ ಜಾರುತ್ತಿದ್ದವು. ಎರಡು ಸಲ ಮಾತ್ರ ಚುಚ್ಚಲು ಅವಕಾಶ. ಮೊದಲ ಸಲ ಸೂಜಿ ಒಳಗೆ ಹೋಯಿತು, ರಕ್ತ ಬರಲಿಲ್ಲ. ಪಕ್ಕದ ಮೇಜಿನ ಹುಡುಗಿಯರು ತಲೆ ತಗ್ಗಿಸಿದರು. ಸೊಸೆ ಸೂಜಿ ತೆಗೆದು ಹತ್ತಿ ಒತ್ತಿದಳು.

"ನೋವಾಯ್ತಾ ಅಜ್ಜ?"

"ಆಯ್ತಮ್ಮ. ಆದ್ರೆ ನಿನ್ನ ಮುಖ ನೋಡಿದ್ರೆ ನಿನಗೇ ಜಾಸ್ತಿ ಆದಂಗಿದೆ."

ಅವಳು ನಕ್ಕಳು. ಪಟ್ಟಿ ಸಡಿಲಿಸಿ ಇನ್ನೊಂದು ತೋಳಿಗೆ ಕಟ್ಟಿದಳು. ಬಲಗೈ ಬೆರಳನ್ನು ನಂಬದೆ ಎಡಗೈ ತೋರುಬೆರಳಿನಿಂದ ಹುಡುಕಿದಳು. ಒಂದು ಕಡೆ ನರ ಮೆತ್ತಗೆ ಪುಟಿಯಿತು. ಹೆಬ್ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಕೆಳಗೆಳೆದು ಹಿಡಿದು ಸೂಜಿ ಇಳಿಸಿದಳು. ಟ್ಯೂಬಿನೊಳಗೆ ರಕ್ತ ಕಡುಗೆಂಪಾಗಿ ಏರಿತು. ಟ್ಯೂಬನ್ನು ಮೆಲ್ಲಗೆ ತಿರುವಿದಳು. ಮೇಡಂ ಏನೂ ಹೇಳದೆ ಮುಂದಿನ ಮೇಜಿಗೆ ಹೋದರು. ಅವರು ಸುಮ್ಮನೆ ಹೋದರೆ ಒಳ್ಳೆಯದು ಎಂದು ಎಲ್ಲರಿಗೂ ಗೊತ್ತಿತ್ತು.

ಪರೀಕ್ಷೆಗಳು ಮುಗಿದ ಸೋಮವಾರ ಸೊಸೆ ತನ್ನ ಕೆಲಸಕ್ಕೆ ಮರಳಲು ಲಾಂಡ್ರಿಗೆ ಹೋದಳು. ಗಡಿಬಿಡಿ ಮೊದಲ ಬಾರಿಗೆ ನಿಂತಲ್ಲೇ ನಿಂತ.

"ಬಾಮ್ಮ. ಆದ್ರೆ ಒಂದು ಮಾತು. ಅಜ್ಜಿ ಇಲ್ಲದೆ ಇದ್ರೆ ಗಿರಾಕಿಗಳು ಕೇಳ್ತಾರೆ. ಬಟ್ಟೆ ಬದಲಾಗೋದು ನಿಂತಿದೆ, ತಕರಾರು ನಿಂತಿದೆ. ತಕರಾರು ಮಾಡೋಕೆ ಅವರು ಬಿಡೋದೇ ಇಲ್ಲ."

ಮನೆಗೆ ಬಂದು ಸೊಸೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅತ್ತೆ, ನನ್ನ ಕೆಲಸ ನನಗೆ ಬೇಕು."

"ನಾನು ಕೊಡಲ್ಲ" ಎಂದರು ಅತ್ತೆ.

"ಅಂದ್ರೆ?"

"ಅಂದ್ರೆ ಕೊಡಲ್ಲ. ಇಷ್ಟು ವರ್ಷ ಈ ನಾಲ್ಕು ಗೋಡೆ, ಆ ಒಲೆ ನೋಡಿದ್ದಾಯ್ತು. ಅಲ್ಲಿ ದಿನಕ್ಕೆ ಹತ್ತು ಜನ ಬಂದು ಮಾತಾಡಿಸ್ತಾರೆ. ಮೊದಲನೇ ಸಂಬಳದಲ್ಲಿ ನನ್ನ ದುಡ್ಡಲ್ಲಿ ನಾನೇ ಚಪ್ಪಲಿ ತಗೊಂಡೆ, ಯಾರನ್ನೂ ಕೇಳಲಿಲ್ಲ. ಅದನ್ನ ಬಿಡು ಅಂತೀಯಾ?"

"ನನ್ನ ಫೀಸು?"

ಇಬ್ಬರೂ ಏರುದನಿಯಲ್ಲಿ ವಾದಿಸಿದರು. ಗಂಡ ನಡುವೆ ಬಂದು ಇಬ್ಬರಿಂದಲೂ ಬೈಸಿಕೊಂಡು ಹೋದ. ಕೊನೆಗೆ ಮಗಳು ಬಾಗಿಲಲ್ಲಿ ನಿಂತು, "ಅಜ್ಜಿಗೆ ಬೆಳಿಗ್ಗೆ ಗಿರಾಕಿ ಕೆಲಸ, ಅಮ್ಮನಿಗೆ ಮಧ್ಯಾಹ್ನ ಪ್ರೆಸ್ಸಿನ ಕೆಲಸ ಅಂತ ಕೇಳಬಹುದಲ್ಲ? ಜಗಳ ಆಡೋಕೆ ಸಂಜೆ ಇದ್ದೇ ಇದೆ" ಎಂದಳು. ಮರುದಿನ ಇಬ್ಬರೂ ಒಟ್ಟಿಗೆ ಹೋಗಿ ಕೇಳಿದರು. ಬೆಳಗಿನ ಹೊತ್ತು ಅಂಗಡಿ ಬಾಗಿಲು ತೆಗೆಯಲು ಆಳಿಲ್ಲದೆ ಪರದಾಡುತ್ತಿದ್ದ ಗಡಿಬಿಡಿ ಎರಡನೇ ಮಾತಾಡಲಿಲ್ಲ.

ತಿಂಗಳ ಮೇಲೆ ಫಲಿತಾಂಶ ಬಂತು. ಪ್ರಾಕ್ಟಿಕಲ್‌ನಲ್ಲಿ ಸೊಸೆಗೆ ತರಗತಿಯಲ್ಲೇ ಎರಡನೇ ಸ್ಥಾನ. ಬರೆಯುವ ಪರೀಕ್ಷೆಗಳಲ್ಲಿ ಎಲ್ಲವೂ ಪಾಸು, ಬಯೋಕೆಮಿಸ್ಟ್ರಿ ಒಂದು ಫೇಲು. ಸಂಜೆ ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದ ಗಂಡ ಸೌಟು ಹಿಡಿದೇ ನಿಂತ.

"ಮತ್ತೆ ಬರೀತೀನಿ" ಎಂದಳು ಸೊಸೆ. "ಒಂದೇ ಪೇಪರು."

"ಅದು ನಾನು ಓದಿ ಹೇಳಿದ ಪಾಠ" ಎಂದಳು ಮಗಳು ತಟ್ಟೆ ನೋಡುತ್ತಾ. "ನನಗೂ ಅರ್ಥ ಆಗಿರ್ಲಿಲ್ಲ. ಬೇಗ ಬೇಗ ಓದಿಬಿಟ್ಟೆ."

"ಹಾಗಾದ್ರೆ ಇಬ್ಬರೂ ಫೇಲು" ಎಂದರು ಅತ್ತೆ. "ಉಂಡು ಇಬ್ಬರೂ ಕೂತ್ಕೊಳ್ಳಿ."

ಊಟವಾದ ಮೇಲೆ ಗಂಡ ಪಾತ್ರೆಗಳನ್ನು ಎತ್ತಿಕೊಂಡು ಹೋದ. ತಾಯಿ ಮಗಳು ನೆಲದ ಮೇಲೆ ಎದುರುಬದುರು ಕೂತು ಪುಸ್ತಕ ನಡುವೆ ಇಟ್ಟುಕೊಂಡರು. ಮಗಳು ಮೊದಲ ಸಾಲನ್ನು ಓದುತ್ತಿದ್ದಂತೆ ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು.

"ಮೆಲ್ಲಗೆ ಓದ್ರೇ. ಬೆಳಿಗ್ಗೆ ನಾನು ಕೆಲಸಕ್ಕೆ ಹೋಗ್ಬೇಕು."

ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಸೊಸೆ ಅವಳ ಹತ್ತಿರಕ್ಕೆ ಸರಿದು ಕೂತು, ಪಿಸುದನಿಯಲ್ಲಿ, "ನಿಧಾನವಾಗಿ. ಈ ಸಲ ಅರ್ಥ ಆಗದೆ ಪುಟ ತಿರುಗಿಸೋದು ಬೇಡ" ಎಂದಳು.